ಬೇಡದ ಕರೆ, ಬೇಡದ ಸಂದೇಶ: ಬ್ಲಾಕ್ ಮಾಡಿ ಸುಮ್ಮನಾಗಬೇಡಿ, ದೂರು ಕೊಡಿ

ಅಪರಿಚಿತ ಸಂಖ್ಯೆಯಿಂದ ಕರೆ ಬಂದು, ಅತ್ತ ಕಡೆಯವರು ಪರ್ಸನಲ್ ಲೋನ್ ಬೇಕೇ ಎಂದೋ, ದೇವನಹಳ್ಳಿಯ ಬಳಿ ಸೈಟ್ ಇದೆ, ಭಾನುವಾರ ನೋಡಲು ಬರುತ್ತೀರಾ ಎಂದೋ ಕೇಳಿದಾಗ ನಮ್ಮಲ್ಲಿ ಬಹುಪಾಲು ಜನ ಮಾಡುವುದು ಇಷ್ಟೇ: ಕರೆಯನ್ನು ಕಡಿದು, ಆ ಸಂಖ್ಯೆಯನ್ನು ಬ್ಲಾಕ್ ಮಾಡಿ, ಕೈಲಿದ್ದ ಕೆಲಸಕ್ಕೆ ಮರಳುತ್ತಾರೆ. ಮರುದಿನ ಅದೇ ಮಾತು ಬೇರೊಂದು ಸಂಖ್ಯೆಯಿಂದ ಕೇಳಿಬರುತ್ತದೆ. ಏಕೆಂದರೆ ಬ್ಲಾಕ್ ಆದದ್ದು ನಿಮ್ಮ ಫೋನಿನೊಳಗೆ ಮಾತ್ರ. ಕರೆ ಮಾಡಿದವರ ಸಿಮ್‌ಗೆ ಅದರಿಂದ ಏನೂ ಆಗಿರುವುದಿಲ್ಲ. ಆ ಸಿಮ್‌ನಿಂದ ಅದೇ ಗಂಟೆಯಲ್ಲಿ ಇನ್ನೂ ನೂರಾರು ಮನೆಗಳಿಗೆ ಕರೆ ಹೋಗುತ್ತಲೇ ಇರುತ್ತದೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ನಾವೆಲ್ಲ ಟ್ರಾಯ್ ಎಂದು ಕರೆಯುವ ಸಂಸ್ಥೆ, 2025ರ ನವೆಂಬರ್‌ನಲ್ಲಿ ಜನರಿಗೆ ಇದನ್ನೇ ಹೇಳಿತು. ಹಿಂದಿನ ಒಂದು ವರ್ಷದಲ್ಲಿ 21 ಲಕ್ಷಕ್ಕೂ ಹೆಚ್ಚು ಮೊಬೈಲ್ ಸಂಖ್ಯೆಗಳನ್ನೂ ಸುಮಾರು ಒಂದು ಲಕ್ಷ ಸಂಸ್ಥೆಗಳನ್ನೂ ಸಂಪರ್ಕದಿಂದ ಕಡಿತಗೊಳಿಸಿ ಕಪ್ಪುಪಟ್ಟಿಗೆ ಸೇರಿಸಲಾಗಿದೆ. ಅದು ಸಾಧ್ಯವಾದದ್ದು ಸಾಮಾನ್ಯ ಗ್ರಾಹಕರು ದೂರು ಕೊಟ್ಟದ್ದರಿಂದ. ತಮ್ಮ ಫೋನಿನಲ್ಲಿ ಬ್ಲಾಕ್ ಮಾಡಿದ ಮಾತ್ರಕ್ಕೆ ಕರೆ ಮಾಡುವವರು ನಿಲ್ಲುವುದಿಲ್ಲ ಎಂದು ಅದು ಸ್ಪಷ್ಟಪಡಿಸಿತು. ಆದ್ದರಿಂದ ಇಲ್ಲಿ ಬ್ಲಾಕ್ ಮಾಡುವ ವಿಧಾನಕ್ಕಿಂತ ದೂರು ಕೊಡುವ ವಿಧಾನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ದೂರು ಕೊಡುವುದು ಸುಲಭ, ಅದಕ್ಕೆ ಹಣ ಬೇಕಿಲ್ಲ, ಎರಡು ನಿಮಿಷಕ್ಕಿಂತ ಹೆಚ್ಚು ಸಮಯವೂ ಬೇಕಿಲ್ಲ. ಆದರೆ ಯಾವ ಕರೆಯ ಬಗ್ಗೆ ಎಲ್ಲಿ ದೂರು ಕೊಡಬೇಕು ಎಂಬುದು ತಿಳಿದಿರಬೇಕು.

ಕರೆ ಮಾಡುತ್ತಿರುವವರು ಯಾರು?

ನಮ್ಮ ಮೊಬೈಲಿಗೆ ಬೇಡದೆ ಬರುವ ಕರೆ ಮತ್ತು ಸಂದೇಶಗಳ ಹಿಂದೆ ಮೂರು ಬಗೆಯ ಜನರಿದ್ದಾರೆ. ಮೊದಲನೆಯವರು ನಿಯಮದಂತೆ ನೋಂದಾಯಿಸಿಕೊಂಡು ಜಾಹೀರಾತು ಮಾಡುವವರು. ಎರಡನೆಯವರು ನೋಂದಾಯಿಸಿಕೊಳ್ಳದೆ, ಅಂಗಡಿಯಲ್ಲಿ ಕೊಂಡ ಮಾಮೂಲಿ ಹತ್ತು ಅಂಕಿಯ ಸಿಮ್‌ನಿಂದ ಮಾರಾಟದ ಕರೆ ಮಾಡುವವರು. ಮೂರನೆಯವರು ವಂಚಕರು, ಇವರಿಗೆ ಮಾರಲು ಏನೂ ಇಲ್ಲ, ನಿಮ್ಮ ಖಾತೆಯಲ್ಲಿರುವ ಹಣವೇ ಇವರ ಗುರಿ. ಈ ಮೂವರನ್ನೂ ‘ಸ್ಪ್ಯಾಮ್’ ಎಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದ್ದರೂ ಇವರನ್ನು ತಡೆಯುವ ದಾರಿಗಳು ಬೇರೆ ಬೇರೆ.

ನೋಂದಾಯಿತ ಜಾಹೀರಾತುದಾರರನ್ನು ಗುರುತಿಸುವುದು ಕಷ್ಟವಲ್ಲ. ಅವರ ಜಾಹೀರಾತಿನ ಕರೆ 140ರಿಂದ ಆರಂಭವಾಗುವ ಸಂಖ್ಯೆಯಿಂದಲೇ ಬರಬೇಕು. ಬ್ಯಾಂಕು, ವಿಮಾ ಕಂಪನಿ ಮೊದಲಾದವುಗಳು ನಿಮ್ಮ ಖಾತೆಗೆ ಅಥವಾ ಪಾಲಿಸಿಗೆ ಸಂಬಂಧಿಸಿದ ವಿಷಯಕ್ಕಾಗಿ ಮಾಡುವ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸರಣಿಯನ್ನು ಮೀಸಲಿಡಲಾಗಿದ್ದು, ವಾಣಿಜ್ಯ ಬ್ಯಾಂಕುಗಳು 2026ರ ಜನವರಿ 1ರೊಳಗೆ ಈ ಸರಣಿಗೆ ಬದಲಾಗಬೇಕೆಂದು ಟ್ರಾಯ್ ಗಡುವು ಕೊಟ್ಟಿತ್ತು. ಆದ್ದರಿಂದ 98 ಅಥವಾ 70ರಿಂದ ಆರಂಭವಾಗುವ ಮಾಮೂಲಿ ಸಂಖ್ಯೆಯಿಂದ ಯಾರಾದರೂ ‘ನಿಮ್ಮ ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ’ ಎಂದರೆ, ಅಲ್ಲಿಗೇ ಮಾತು ನಿಲ್ಲಿಸಿ, ಪಾಸ್‌ಬುಕ್‌ನಲ್ಲಿ ಅಥವಾ ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸುವುದು ಸರಿಯಾದ ಕ್ರಮ.

ಸಂದೇಶಗಳಲ್ಲಿ ಇನ್ನೂ ಸ್ಪಷ್ಟವಾದ ಗುರುತು ಇದೆ. ಕಂಪನಿಗಳು ಕಳಿಸುವ ಎಸ್‌ಎಂಎಸ್‌ನಲ್ಲಿ ಕಳಿಸಿದವರ ಜಾಗದಲ್ಲಿ ಫೋನ್ ಸಂಖ್ಯೆಯ ಬದಲು ಇಂಗ್ಲಿಷ್ ಅಕ್ಷರಗಳ ಒಂದು ಗುರುತು ಇರುತ್ತದೆ. ಇದನ್ನು ಹೆಡರ್ ಎನ್ನುತ್ತಾರೆ. ಅದನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಮೊದಲಿಗೆ ಎರಡು ಅಕ್ಷರಗಳಿದ್ದು, ಒಂದನೆಯದು ಸಂದೇಶ ಹೊರಟ ಮೊಬೈಲ್ ಕಂಪನಿಯನ್ನೂ ಎರಡನೆಯದು ಅದು ಹೊರಟ ವಲಯವನ್ನೂ ಸೂಚಿಸುತ್ತದೆ; ಕರ್ನಾಟಕ ವಲಯದ ಅಕ್ಷರ ‘ಎಕ್ಸ್’. ಅನಂತರ ಒಂದು ಅಡ್ಡಗೆರೆ, ಅದರ ಮುಂದೆ ಸಂಸ್ಥೆಯ ಹೆಸರಿನ ಸಂಕ್ಷಿಪ್ತ ರೂಪ. ಕೊನೆಯಲ್ಲಿ ಮತ್ತೊಂದು ಅಡ್ಡಗೆರೆಯಾದ ಮೇಲೆ ಒಂದೇ ಒಂದು ಅಕ್ಷರ ಇರುತ್ತದೆ. ಟ್ರಾಯ್ 2025ರಲ್ಲಿ ನಿಯಮಗಳಿಗೆ ಮಾಡಿದ ತಿದ್ದುಪಡಿಯಿಂದ ಬಂದ ಈ ಕೊನೆಯ ಅಕ್ಷರವೇ ಮುಖ್ಯವಾದದ್ದು. ಅದು ‘ಪಿ’ ಆಗಿದ್ದರೆ ಜಾಹೀರಾತು, ‘ಎಸ್’ ಆಗಿದ್ದರೆ ಸೇವೆಗೆ ಸಂಬಂಧಿಸಿದ್ದು, ‘ಟಿ’ ಆಗಿದ್ದರೆ ಒಟಿಪಿಯಂತಹ ವಹಿವಾಟಿನ ಸಂದೇಶ, ‘ಜಿ’ ಆಗಿದ್ದರೆ ಸರ್ಕಾರದಿಂದ ಬಂದದ್ದು. ಯಾವ ಹೆಡರ್ ಯಾವ ಸಂಸ್ಥೆಗೆ ಸೇರಿದ್ದು ಎಂದು ಹುಡುಕಿ ನೋಡುವ ಸೌಲಭ್ಯ ಟ್ರಾಯ್‌ನ ಜಾಲತಾಣದಲ್ಲಿದೆ. ಬ್ಯಾಂಕಿನ ಹೆಸರಿನಲ್ಲಿ ಬಂದ ಸಂದೇಶದ ಮೇಲೆ ಇಂತಹ ಹೆಡರ್ ಇಲ್ಲದೆ ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಇದ್ದರೆ, ಒಳಗಿನ ಒಕ್ಕಣೆ ಎಷ್ಟೇ ಗಂಭೀರವಾಗಿದ್ದರೂ ಅದನ್ನು ಬ್ಯಾಂಕು ಕಳಿಸಿಲ್ಲವೆಂದೇ ತಿಳಿಯಬೇಕು.

ಸಂದೇಶದೊಳಗಿನ ಕೊಂಡಿಗಳ ಮೇಲೂ ಈಗ ನಿಗಾ ಇದೆ. ಸಂಸ್ಥೆಗಳು ಮೊದಲೇ ನೋಂದಾಯಿಸದ ಕೊಂಡಿಗಳಿರುವ ವಾಣಿಜ್ಯ ಸಂದೇಶಗಳನ್ನು ರವಾನಿಸಬಾರದೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆದರೆ ಮಾಮೂಲಿ ಸಿಮ್‌ನಿಂದ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬರುವ ಕೊಂಡಿಗಳಿಗೆ ಈ ಜರಡಿ ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿಡಬೇಕು.

ಮೊದಲ ಕೆಲಸ: ಡಿಎನ್‌ಡಿ ನೋಂದಣಿ

ನೋಂದಾಯಿತ ಜಾಹೀರಾತುದಾರರನ್ನು ತಡೆಯಲು ಡಿಎನ್‌ಡಿ, ಅಂದರೆ ‘ಡು ನಾಟ್ ಡಿಸ್ಟರ್ಬ್’ (ತೊಂದರೆ ಕೊಡಬೇಡಿ) ಪಟ್ಟಿಯಲ್ಲಿ ನೋಂದಣಿಯೊಂದೇ ಸಾಕು. ನಿಮ್ಮ ಮೊಬೈಲಿನಿಂದ 1909 ಎಂಬ ಸಂಖ್ಯೆಗೆ ‘ಸ್ಟಾರ್ಟ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ಸೊನ್ನೆಯ ಅಂಕಿಯನ್ನು ಸೇರಿಸಿ ಸಂದೇಶ ಕಳಿಸಿದರೆ ಎಲ್ಲ ಬಗೆಯ ಜಾಹೀರಾತುಗಳಿಗೂ ತಡೆ ಬೀಳುತ್ತದೆ. ಪ್ರತ್ಯುತ್ತರವಾಗಿ ಬರುವ ಸಂದೇಶದಲ್ಲಿ ದೃಢೀಕರಣ ಕೇಳಿದ್ದರೆ ಅದಕ್ಕೂ ಉತ್ತರಿಸಬೇಕು. ಅಷ್ಟನ್ನು ಮರೆತರೆ ನೋಂದಣಿ ಅರ್ಧಕ್ಕೇ ನಿಲ್ಲುತ್ತದೆ. ಸಂದೇಶ ಕಳಿಸಲು ಒಲ್ಲದವರು ಅದೇ 1909ಕ್ಕೆ ಕರೆ ಮಾಡಬಹುದು, ಇಲ್ಲವೇ ಏರ್‌ಟೆಲ್, ಜಿಯೋ, ವಿಐ ಮುಂತಾದ ತಮ್ಮ ಕಂಪನಿಯ ಆ್ಯಪ್‌ನಲ್ಲಿ ಡಿಎನ್‌ಡಿ ವಿಭಾಗವನ್ನು ತೆರೆದು ಆಯ್ಕೆ ಮಾಡಬಹುದು.

ಎಲ್ಲವನ್ನೂ ತಡೆಯಬೇಕೆಂದೇನೂ ಇಲ್ಲ. ಬ್ಯಾಂಕಿಂಗ್ ಮತ್ತು ವಿಮೆ, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ, ಗ್ರಾಹಕ ವಸ್ತುಗಳು ಮತ್ತು ವಾಹನ, ಮನರಂಜನೆ ಮತ್ತು ಸಂವಹನ, ಪ್ರವಾಸ, ಆಹಾರ ಎಂಬ ವರ್ಗಗಳಲ್ಲಿ ನಿಮಗೆ ಬೇಕಾದದ್ದನ್ನು ಉಳಿಸಿಕೊಂಡು ಉಳಿದವನ್ನು ನಿಲ್ಲಿಸಲು ಅವಕಾಶವಿದೆ. ಯಾವ ದಿನ, ಯಾವ ಹೊತ್ತಿನಲ್ಲಿ ಬರಬಹುದು ಎಂಬುದನ್ನೂ ನೀವೇ ನಿರ್ಧರಿಸಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲು ಎಲ್ಲವನ್ನೂ ನಿಲ್ಲಿಸುವುದು ಒಳ್ಳೆಯದು. ಮುಂದೆ ಯಾವುದಾದರೂ ಬೇಕೆನಿಸಿದರೆ ಅದೊಂದನ್ನು ತೆರೆದುಕೊಂಡರಾಯಿತು.

ಡಿಎನ್‌ಡಿ ಹಾಕಿಸಿದರೆ ಬ್ಯಾಂಕಿನ ಒಟಿಪಿ ಬರುವುದು ನಿಂತುಹೋಗುತ್ತದೆ, ಗ್ಯಾಸ್ ಬುಕಿಂಗ್ ಸಂದೇಶ ಬರುವುದಿಲ್ಲ ಎಂಬ ಹೆದರಿಕೆಯಿಂದ ಎಷ್ಟೋ ಜನ ಹಿಂಜರಿಯುತ್ತಾರೆ. ಹಾಗೆ ಆಗುವುದಿಲ್ಲ. ವಹಿವಾಟಿನ ಸಂದೇಶ ಮತ್ತು ಸೇವಾ ಸಂದೇಶಗಳಿಗೆ ಈ ತಡೆ ಅನ್ವಯಿಸುವುದೇ ಇಲ್ಲ.

ಆದರೆ ಡಿಎನ್‌ಡಿಗೂ ಒಂದು ಮಿತಿ ಇದೆ. ನೀವೇ ಒಪ್ಪಿಗೆ ಕೊಟ್ಟ ಸಂಸ್ಥೆ ಡಿಎನ್‌ಡಿಯನ್ನು ದಾಟಿ ನಿಮಗೆ ಜಾಹೀರಾತು ಕಳಿಸಬಹುದು. ಹೊಸ ಖಾತೆ ತೆರೆಯುವಾಗ, ಆ್ಯಪ್ ಹಾಕಿಕೊಳ್ಳುವಾಗ, ಬಹುಮಾನದ ಕೂಪನ್ ತುಂಬುವಾಗ ಸಣ್ಣ ಅಕ್ಷರದ ಸಾಲಿನ ಪಕ್ಕದ ಚೌಕದಲ್ಲಿ ನಾವು ಟಿಕ್ ಹಾಕಿರುತ್ತೇವೆ. ಆ ಒಪ್ಪಿಗೆಯನ್ನೇ ಅವರು ಮುಂದಿಡುತ್ತಾರೆ. ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕು ನಿಮಗಿದೆ. ಜಾಹೀರಾತು ಸಂದೇಶಗಳಲ್ಲಿ ನಿಲ್ಲಿಸುವ ದಾರಿಯನ್ನು ಕೊಡುವುದು ಈಗ ಕಡ್ಡಾಯ. ನೀವು ಹಾಗೆ ನಿಲ್ಲಿಸಿದ ಮೇಲೆ 90 ದಿನಗಳವರೆಗೆ ಆ ಸಂಸ್ಥೆ ಮತ್ತೆ ನಿಮ್ಮ ಒಪ್ಪಿಗೆ ಕೇಳುವಂತಿಲ್ಲ. ಇಲ್ಲಿ ಒಂದು ಎಚ್ಚರಿಕೆ: ನಿಲ್ಲಿಸುವ ಈ ಉತ್ತರವನ್ನು ಹೆಡರ್ ಇರುವ ಸಂದೇಶಗಳಿಗೆ ಮಾತ್ರ ಕೊಡಬೇಕು. ಅಪರಿಚಿತ ಹತ್ತು ಅಂಕಿಯ ಸಂಖ್ಯೆಗೆ ‘ಬೇಡ’ ಎಂದು ಉತ್ತರಿಸಿದರೂ, ಈ ಸಂಖ್ಯೆಯನ್ನು ಬಳಸುವವರಿದ್ದಾರೆ ಎಂಬ ಮಾಹಿತಿಯನ್ನು ನೀವೇ ಕೊಟ್ಟಂತಾಗುತ್ತದೆ.

ಎರಡನೆಯ ಕೆಲಸ: ದೂರು

ಡಿಎನ್‌ಡಿ ಆದ ಮೇಲೂ ಕರೆಗಳು ಬರುತ್ತಲೇ ಇವೆ ಎಂದು ಬೇಸರಪಡುವವರು ಬಹಳ. ಬರುವುದು ನಿಜ. ನಿಯಮ ಪಾಲಿಸುವವರು ನಿಂತಿದ್ದಾರೆ, ಪಾಲಿಸದವರು ಉಳಿದಿದ್ದಾರೆ. ಮಾಮೂಲಿ ಸಿಮ್‌ನಿಂದ ಸೈಟು, ಸಾಲ, ಕ್ರೆಡಿಟ್ ಕಾರ್ಡು ಮಾರುವವರು ನೋಂದಣಿ ಪಟ್ಟಿಯನ್ನು ನೋಡುವುದೇ ಇಲ್ಲ. 2024ರ ಜನವರಿಯಿಂದ ಜೂನ್‌ವರೆಗಿನ ಆರು ತಿಂಗಳಲ್ಲಿ ಇಂತಹ ನೋಂದಾಯಿಸದ ಟೆಲಿಮಾರ್ಕೆಟಿಂಗ್‌ನವರ ವಿರುದ್ಧ 7.9 ಲಕ್ಷಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಟ್ರಾಯ್ ಆ ವರ್ಷದ ಆಗಸ್ಟ್‌ನಲ್ಲಿ ಕಟ್ಟುನಿಟ್ಟಿನ ಆದೇಶ ಹೊರಡಿಸಿದ ಕೆಲವೇ ವಾರಗಳಲ್ಲಿ 2.75 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿತಗೊಂಡು, 50 ಸಂಸ್ಥೆಗಳು ಕಪ್ಪುಪಟ್ಟಿ ಸೇರಿದವು.

ಟ್ರಾಯ್ 2025ರ ಫೆಬ್ರವರಿ 12ರಂದು ವಾಣಿಜ್ಯ ಕರೆ ಮತ್ತು ಸಂದೇಶಗಳ 2018ರ ನಿಯಮಾವಳಿಗೆ ಮಾಡಿದ ತಿದ್ದುಪಡಿ ದೂರುದಾರರಿಗೆ ತುಂಬ ಅನುಕೂಲಕರವಾಗಿದೆ. ಮೊದಲು ಕರೆ ಬಂದ ಮೂರು ದಿನಗಳೊಳಗೆ ದೂರು ಕೊಡಬೇಕಿತ್ತು. ಈಗ ಏಳು ದಿನಗಳ ಕಾಲಾವಕಾಶವಿದೆ. ನೋಂದಾಯಿಸದವರ ವಿರುದ್ಧ ಮೊಬೈಲ್ ಕಂಪನಿ ಕ್ರಮ ಕೈಗೊಳ್ಳಲು ಇದ್ದ 30 ದಿನಗಳ ಗಡುವು ಐದು ದಿನಗಳಿಗೆ ಇಳಿದಿದೆ. ನೋಂದಾಯಿಸದವರ ವಿರುದ್ಧ ದೂರು ಕೊಡಲು ನೀವು ಡಿಎನ್‌ಡಿಯಲ್ಲಿರಬೇಕೆಂಬ ಷರತ್ತೂ ಈಗಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮತ್ತೊಂದು. ಮೊದಲು ಒಬ್ಬರ ಮೇಲೆ ಏಳು ದಿನಗಳಲ್ಲಿ ಹತ್ತು ದೂರು ಬಂದರೆ ಮಾತ್ರ ಕ್ರಮ ಆರಂಭವಾಗುತ್ತಿತ್ತು. ಈಗ ಹತ್ತು ದಿನಗಳಲ್ಲಿ ಐದು ದೂರು ಸಾಕು. ಒಂದು ಸಿಮ್‌ನಿಂದ ದಿನಕ್ಕೆ ನೂರು ಕರೆ ಹೋಗುತ್ತದೆಂದು ಇಟ್ಟುಕೊಂಡರೆ, ಆ ನೂರು ಜನರಲ್ಲಿ ಐದು ಮಂದಿ ಎರಡು ನಿಮಿಷ ಕೊಟ್ಟರೆ ಆ ಸಿಮ್‌ನ ಆಟ ಮುಗಿಯುತ್ತದೆ. ನೀವು ಕೊಡದೆ ಬಿಟ್ಟ ದೂರು ಆ ಐದರಲ್ಲಿ ಐದನೆಯದಾಗಿದ್ದಿರಬಹುದು. ಮೊದಲ ಬಾರಿಯ ತಪ್ಪಿಗೆ 15 ದಿನಗಳ ಕಾಲ ಹೊರಹೋಗುವ ಕರೆಗಳಿಗೆ ತಡೆ. ಮತ್ತೆ ಅದೇ ತಪ್ಪಾದರೆ ಎಲ್ಲ ಕಂಪನಿಗಳಲ್ಲಿರುವ ಅವರ ಎಲ್ಲ ಸಂಪರ್ಕಗಳೂ ಒಂದು ವರ್ಷದ ಮಟ್ಟಿಗೆ ಕಡಿತ. ಇಂತಹ ಬೇಡದ ಕರೆ, ಸಂದೇಶಗಳ ಲೆಕ್ಕವನ್ನು ತಪ್ಪಾಗಿ ತೋರಿಸುವ ಮೊಬೈಲ್ ಕಂಪನಿಗಳಿಗೂ ಮೊದಲ ಬಾರಿ ಎರಡು ಲಕ್ಷ, ಎರಡನೆಯ ಬಾರಿ ಐದು ಲಕ್ಷ, ಅನಂತರ ಪ್ರತಿ ಬಾರಿಗೆ ಹತ್ತು ಲಕ್ಷ ರೂಪಾಯಿ ದಂಡವಿದೆ.

ದೂರಿಗೆ ಬೇಕಾದ ವಿವರಗಳು ಮೂರೇ: ಕರೆ ಅಥವಾ ಸಂದೇಶ ಬಂದ ಸಂಖ್ಯೆ ಇಲ್ಲವೇ ಹೆಡರ್, ಅದು ಬಂದ ದಿನಾಂಕ, ಮತ್ತು ಅದರಲ್ಲಿದ್ದ ವಿಷಯ. ಇದನ್ನು 1909ಕ್ಕೆ ಸಂದೇಶವಾಗಿ ಕಳಿಸುವುದಾದರೆ ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲು ವಿಷಯವನ್ನು ಬರೆದು, ಅಲ್ಪವಿರಾಮ ಹಾಕಿ, ಕರೆ ಬಂದ ಸಂಖ್ಯೆಯನ್ನು ಬರೆದು, ಮತ್ತೆ ಅಲ್ಪವಿರಾಮ ಹಾಕಿ, ದಿನ, ತಿಂಗಳು, ವರ್ಷದ ಕೊನೆಯ ಎರಡು ಅಂಕಿ ಎಂಬ ಕ್ರಮದಲ್ಲಿ ದಿನಾಂಕವನ್ನು ಬರೆಯಬೇಕು. ಸಂದೇಶದ ಬಗ್ಗೆ ದೂರಾದರೆ ಬಂದ ಸಂದೇಶದ ಪಠ್ಯವನ್ನೇ ನಕಲು ಮಾಡಿ ವಿಷಯದ ಜಾಗದಲ್ಲಿ ಅಂಟಿಸಿದರೆ ಸಾಕು. ಕರೆಯ ಬಗ್ಗೆಯಾದರೆ ‘ಪರ್ಸನಲ್ ಲೋನ್ ಕೊಡುತ್ತೇವೆಂದು ಕರೆ’ ಎಂಬಷ್ಟು ವಿವರ ಇರಲಿ. ಕರೆ ಮಾಡಿದವರು ಯಾವ ಕಂಪನಿಯ ಅಥವಾ ಯಾವ ಬಡಾವಣೆಯ ಹೆಸರು ಹೇಳಿದರೆಂಬುದು ನೆನಪಿದ್ದರೆ ಅದನ್ನೂ ಸೇರಿಸಿ, ತನಿಖೆಗೆ ಅನುಕೂಲವಾಗುತ್ತದೆ. ಈ ಕಾರಣದಿಂದಲೇ, ಸಿಟ್ಟಿನಿಂದ ಕರೆ ಕಡಿಯುವ ಮೊದಲು ‘ಯಾವ ಕಂಪನಿಯಿಂದ ಮಾತನಾಡುತ್ತಿದ್ದೀರಿ’ ಎಂದು ಒಂದು ಪ್ರಶ್ನೆ ಕೇಳುವುದು ಒಳ್ಳೆಯ ಅಭ್ಯಾಸ. ಬೈಯುವುದರಿಂದ ಪ್ರಯೋಜನವಿಲ್ಲ, ಸಂಬಳಕ್ಕಾಗಿ ದಿನವಿಡೀ ಪಟ್ಟಿ ಹಿಡಿದು ಕರೆ ಮಾಡುವ ಹುಡುಗ ಹುಡುಗಿಯರು ಆ ವ್ಯವಹಾರದ ಒಡೆಯರಲ್ಲ.

ಎರಡು ಸಿಮ್ ಇರುವ ಫೋನುಗಳಲ್ಲಿ ಒಂದು ತೊಡಕು ಪದೇಪದೇ ಕಾಣಿಸುತ್ತದೆ. ಕರೆ ಯಾವ ಸಿಮ್‌ಗೆ ಬಂದಿತ್ತೋ ಅದೇ ಸಿಮ್‌ನಿಂದ 1909ಕ್ಕೆ ದೂರು ಹೋಗಬೇಕು. ಫೋನು ಸಾಮಾನ್ಯವಾಗಿ ಒಂದನೆಯ ಸಿಮ್‌ನಿಂದಲೇ ಸಂದೇಶ ಕಳಿಸುವಂತೆ ಹೊಂದಿಸಿರುವುದರಿಂದ, ಎರಡನೆಯ ಸಿಮ್‌ಗೆ ಬಂದ ಕರೆಯ ದೂರು ಒಂದನೆಯ ಸಿಮ್‌ನಿಂದ ಹೋಗಿ, ಹಾಗೊಂದು ಕರೆ ನಿಮಗೆ ಬಂದೇ ಇಲ್ಲವೆಂಬ ಉತ್ತರದೊಂದಿಗೆ ಮುಕ್ತಾಯವಾಗುತ್ತದೆ. ಕಳಿಸುವ ಗುಂಡಿಯ ಬಳಿ 1 ಅಥವಾ 2 ಎಂದು ತೋರಿಸುವ ಸಿಮ್ ಗುರುತನ್ನು ನೋಡಿಕೊಂಡು ಕಳಿಸಬೇಕು. ಕರೆ ಮಾಡಿದವರ ಸಿಮ್ ಬೇರೆ ಕಂಪನಿಯದ್ದಾಗಿದ್ದರೂ ಚಿಂತೆಯಿಲ್ಲ. ನೀವು ನಿಮ್ಮ ಕಂಪನಿಗೆ ದೂರು ಕೊಟ್ಟರೆ ಅದು ಅತ್ತ ಕಡೆಯ ಕಂಪನಿಗೆ ದಾಟಿಸುತ್ತದೆ.

ಇಷ್ಟನ್ನೆಲ್ಲ ಕೈಯಾರೆ ಬರೆಯುವುದು ಕಷ್ಟವೆನಿಸುವವರಿಗೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಇದೆ. ಅದರಲ್ಲಿ ನಿಮ್ಮ ಫೋನಿಗೆ ಬಂದ ಕರೆ ಮತ್ತು ಸಂದೇಶಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಬೇಡದ್ದನ್ನು ಮುಟ್ಟಿ, ವಿಷಯ ಸೇರಿಸಿ, ಕಳಿಸಿದರೆ ಮುಗಿಯಿತು. ಮೊಬೈಲ್ ಕಂಪನಿಗಳು ತಮ್ಮ ಆ್ಯಪ್ ಮತ್ತು ಜಾಲತಾಣದಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವ ಕಡೆ ಈ ದೂರಿನ ಆಯ್ಕೆಯನ್ನು ಇಡಬೇಕೆಂದೂ ಹೊಸ ನಿಯಮ ಹೇಳುತ್ತದೆ. ಯಾವ ದಾರಿಯನ್ನು ಹಿಡಿದರೂ ದೂರು ಕೊಡುವ ಮೊದಲು ಸಂದೇಶವನ್ನಾಗಲಿ ಕರೆಯ ದಾಖಲೆಯನ್ನಾಗಲಿ ಅಳಿಸಬಾರದು. ಮೊದಲು ದೂರು, ಆಮೇಲೆ ಬ್ಲಾಕ್. ಈ ಕ್ರಮವನ್ನು ತಪ್ಪಿಸಬೇಡಿ. ದೂರಿನ ಸಂಖ್ಯೆ ಇರುವ ಪ್ರತ್ಯುತ್ತರವನ್ನು ಉಳಿಸಿಕೊಂಡರೆ ಮುಂದೇನಾಯಿತೆಂದು ವಿಚಾರಿಸಬಹುದು.

ವಂಚನೆಯ ಕರೆಗೆ ಬೇರೆಯದೇ ದಾರಿ

ಮಾರಾಟದ ಕರೆ ಕಿರಿಕಿರಿ ಮಾಡುತ್ತದೆ, ವಂಚನೆಯ ಕರೆ ಮನೆಯನ್ನೇ ಬರಿದು ಮಾಡುತ್ತದೆ. ಇದನ್ನು 1909ಕ್ಕೆ ಒಯ್ಯುವುದಕ್ಕಿಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಎಂಬ ಜಾಲತಾಣಕ್ಕೆ ಒಯ್ಯುವುದು ಸರಿ. ಇದರೊಳಗಿನ ‘ಚಕ್ಷು’ ಎಂಬ ವಿಭಾಗವನ್ನು 2024ರ ಮಾರ್ಚ್‌ನಲ್ಲಿ ಆರಂಭಿಸಲಾಯಿತು. 2025ರ ಜನವರಿಯಿಂದ ಸಂಚಾರ್ ಸಾಥಿ ಮೊಬೈಲ್ ಆ್ಯಪ್ ರೂಪದಲ್ಲೂ ಸಿಗುತ್ತಿದೆ. ಕರೆ, ಎಸ್‌ಎಂಎಸ್, ವಾಟ್ಸ್‌ಆ್ಯಪ್ ಮೂರರಲ್ಲಿ ಯಾವುದರ ಮೂಲಕ ಬಂದದ್ದಾದರೂ ವಂಚನೆಯೆಂಬ ಅನುಮಾನವಿದ್ದರೆ ಚಕ್ಷುವಿನಲ್ಲಿ ತಿಳಿಸಬಹುದು. ಬಂದ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಅದನ್ನೂ ಲಗತ್ತಿಸಬಹುದು.

ಹಣ ಈಗಾಗಲೇ ಹೋಗಿದ್ದರೆ ಚಕ್ಷು ತುಂಬುತ್ತ ಕೂರಬಾರದು. ತಕ್ಷಣ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ಅಪರಾಧಗಳ ರಾಷ್ಟ್ರೀಯ ಸಹಾಯವಾಣಿ. ವಂಚಕರ ಖಾತೆಗೆ ಹೋದ ಹಣ ಅಲ್ಲಿಂದ ಮತ್ತೊಂದು, ಮಗದೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಹೆಚ್ಚಾಗಿ ಮೊದಲ ಒಂದೆರಡು ಗಂಟೆಗಳಲ್ಲಿ. ಬ್ಯಾಂಕಿಗೆ ಹೋಗಿ ಬರುತ್ತೇನೆ, ಮಗ ಸಂಜೆ ಬರಲಿ, ನಾಳೆ ನೋಡೋಣ ಎನ್ನುವಷ್ಟರಲ್ಲಿ ಆ ಸಮಯ ಕಳೆದುಹೋಗುತ್ತದೆ. ಕರೆ ಮಾಡುವಾಗ ವಹಿವಾಟಿನ ಸಂಖ್ಯೆ, ಮೊತ್ತ, ಹಣ ಹೋದ ಸಮಯ ಕೈಯಲ್ಲಿರಲಿ.

ಕರ್ನಾಟಕದಲ್ಲಿ ಹೆಚ್ಚಾಗಿ ಕಾಣಸಿಗುವ ಕೆಲವು ಬಗೆಗಳನ್ನು ಇಲ್ಲಿ ಹೇಳುವುದು ಅಗತ್ಯ. ‘ನಿಮ್ಮ ಕಳೆದ ತಿಂಗಳ ವಿದ್ಯುತ್ ಬಿಲ್ ಪಾವತಿಯಾಗಿಲ್ಲ, ಇಂದು ರಾತ್ರಿ 9.30ಕ್ಕೆ ಸಂಪರ್ಕ ಕಡಿತವಾಗುತ್ತದೆ, ಈ ಅಧಿಕಾರಿಯನ್ನು ಸಂಪರ್ಕಿಸಿ’ ಎಂಬ ಸಂದೇಶವನ್ನು ಗಮನಿಸಿ. ಅದರಲ್ಲಿ ನಿಮ್ಮ ಖಾತೆ ಸಂಖ್ಯೆ ಇಲ್ಲ, ಹೆಸರಿಲ್ಲ, ಬಿಲ್ಲಿನ ಮೊತ್ತವೂ ಇಲ್ಲ. ಇರುವುದು ಒಂದು ಮೊಬೈಲ್ ಸಂಖ್ಯೆ ಮತ್ತು ಕತ್ತಲಾಗುವ ಭಯ ಮಾತ್ರ. ಅನುಮಾನವಿದ್ದರೆ ಬೆಸ್ಕಾಂನ 1912 ಸಹಾಯವಾಣಿಗೆ ಕೇಳಬಹುದು, ಇಲ್ಲವೇ ಹಿಂದಿನ ಬಿಲ್ಲಿನ ಖಾತೆ ಸಂಖ್ಯೆಯನ್ನು ಹಾಕಿ ಬಾಕಿ ನೋಡಬಹುದು. ಟ್ರಾಫಿಕ್ ದಂಡದ ನೋಟಿಸು, ಮದುವೆಯ ಆಮಂತ್ರಣ, ಬ್ಯಾಂಕಿನ ಕೆವೈಸಿ ಎಂಬ ಹೆಸರುಗಳಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಕಡತಗಳದು ಇನ್ನೊಂದು ಬಗೆ. ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ, ಫೋನಿನೊಳಗೆ ಸ್ಥಾಪನೆಯಾಗುವ ಆ್ಯಪ್. ಒಮ್ಮೆ ಅದು ಒಳಸೇರಿ ಸಂದೇಶಗಳನ್ನು ಓದುವ ಅನುಮತಿ ಪಡೆದರೆ, ನಿಮ್ಮ ಒಟಿಪಿಗಳನ್ನು ನಿಮಗಿಂತ ಮೊದಲು ವಂಚಕರೇ ಓದುತ್ತಾರೆ. ಪರಿಚಿತರ ಸಂಖ್ಯೆಯಿಂದ ಬಂದರೂ ತೆರೆಯಬೇಡಿ. ಅವರ ಫೋನೂ ಇದೇ ರೀತಿ ಕೈತಪ್ಪಿರಬಹುದು.

‘ಎರಡು ಗಂಟೆಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಸ್ಥಗಿತವಾಗುತ್ತದೆ, ಹೆಚ್ಚಿನ ಮಾಹಿತಿಗೆ 9 ಒತ್ತಿ’ ಎಂದು ಮೊದಲೇ ಮುದ್ರಿಸಿದ ದನಿಯಲ್ಲಿ ಬರುವ ಕರೆ ಟ್ರಾಯ್‌ನದ್ದಲ್ಲ. ಸಂಪರ್ಕ ಕಡಿತದ ಬಗ್ಗೆ ಟ್ರಾಯ್ ಯಾವ ಗ್ರಾಹಕರಿಗೂ ಕರೆ ಮಾಡುವುದಿಲ್ಲ. ಅಂತಹ ಕರೆಯಲ್ಲಿ ಯಾವ ಅಂಕಿಯನ್ನೂ ಒತ್ತಬಾರದು. ಒತ್ತಿದರೆ ಪೊಲೀಸ್ ಅಥವಾ ಸಿಬಿಐ ಅಧಿಕಾರಿಯ ವೇಷದವರು ವಿಡಿಯೊ ಕರೆಗೆ ಬಂದು, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ಗಂಟೆಗಟ್ಟಲೆ ಕೂರಿಸುತ್ತಾರೆ. ವಿಡಿಯೊ ಕರೆಯಲ್ಲಿ ಬಂಧಿಸುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿಲ್ಲ. ಕರೆ ಕಡಿದರೆ ಏನೂ ಆಗುವುದಿಲ್ಲ ಎಂಬ ಒಂದು ಮಾತನ್ನು ಮನೆಯ ಎಲ್ಲರಿಗೂ ಹೇಳಿಡಿ, ಹಿರಿಯರಿಗೆ ಎರಡೆರಡು ಬಾರಿ ಹೇಳಿ.

ಕೊರಿಯರ್‌ನವರೆಂದು ಹೇಳಿಕೊಂಡು, ಪಾರ್ಸೆಲ್ ತಲುಪಿಸಲು ನಕ್ಷತ್ರ ಅಥವಾ ಹ್ಯಾಷ್ ಗುರುತಿರುವ ಒಂದು ಸಂಖ್ಯೆಯನ್ನು ಡಯಲ್ ಮಾಡಿ ಎನ್ನುವವರಿದ್ದಾರೆ. ಅದನ್ನು ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ. ಕರೆಯ ಮೂಲಕ ಬರುವ ಒಟಿಪಿಯೂ ಅವರಿಗೇ ಹೋಗುತ್ತದೆ. ಹೀಗಾಗಿದೆಯೆಂಬ ಅನುಮಾನವಿದ್ದರೆ ##002# ಎಂದು ಡಯಲ್ ಮಾಡಿದರೆ ತಿರುಗಿಸಿದ ಕರೆಗಳೆಲ್ಲ ರದ್ದಾಗುತ್ತವೆ.

ವಿದೇಶದಿಂದ ಬರುವ ಕರೆ ಭಾರತದ +91 ಸಂಖ್ಯೆಯಂತೆ ಕಾಣಿಸುವ ಮೋಸವೂ ಇದೆ. ಇದನ್ನು ತಡೆಯಲು 2024ರ ಅಕ್ಟೋಬರ್ 22ರಂದು ಕೇಂದ್ರ ಸರ್ಕಾರ ಆರಂಭಿಸಿದ ವ್ಯವಸ್ಥೆ ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳನ್ನು ನಿಲ್ಲಿಸಿತು. ಆದರೂ ಕೆಲವು ನುಸುಳುತ್ತವೆ. ಅವನ್ನು ತಿಳಿಸಲು ಸಂಚಾರ್ ಸಾಥಿಯಲ್ಲಿ ಪ್ರತ್ಯೇಕ ಜಾಗವಿದೆ. ಗುರುತಿಲ್ಲದ ದೇಶದ ಸಂಖ್ಯೆಯಿಂದ ಒಂದೇ ರಿಂಗ್ ಆಗಿ ನಿಂತ ಮಿಸ್ಡ್ ಕಾಲ್‌ಗೆ ಮರಳಿ ಕರೆ ಮಾಡದಿರುವುದೇ ಒಳ್ಳೆಯದು, ಅದರ ದರ ನಿಮ್ಮ ಖಾತೆಯಿಂದ ಕಡಿತವಾಗುತ್ತದೆ. ಸಂಚಾರ್ ಸಾಥಿಯನ್ನು ತೆರೆದಾಗಲೇ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ನೋಡಿಕೊಳ್ಳಿ. ನಿಮ್ಮದಲ್ಲದ ಸಂಖ್ಯೆ ಕಂಡರೆ ‘ನನ್ನದಲ್ಲ’ ಎಂದು ಅಲ್ಲೇ ಗುರುತು ಮಾಡಬಹುದು. ಬೇರೆಯವರಿಗೆ ಹೋಗುತ್ತಿರುವ ವಂಚನೆಯ ಕರೆ ನಿಮ್ಮ ಹೆಸರಿನ ಸಿಮ್‌ನಿಂದಲೇ ಹೋಗುತ್ತಿರಬಹುದಾದ್ದರಿಂದ ಇದನ್ನು ಕಡೆಗಣಿಸಬಾರದು.

ಫೋನಿನೊಳಗಿನ ಬೇಲಿ

ದೂರಿನ ಜೊತೆಗೆ ಫೋನಿನ ಸೌಲಭ್ಯಗಳನ್ನೂ ಬಳಸಿಕೊಳ್ಳಬೇಕು. ಗೂಗಲ್ ಫೋನ್ ಆ್ಯಪ್ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಸೆಟ್ಟಿಂಗ್ಸ್‌ನಲ್ಲಿ ‘ಕಾಲರ್ ಐಡಿ ಮತ್ತು ಸ್ಪ್ಯಾಮ್’ ಎಂಬ ಆಯ್ಕೆ ಇದ್ದು, ಅನುಮಾನದ ಕರೆಗಳನ್ನು ರಿಂಗಾಗದಂತೆ ಸೋಸಲು ಹೇಳಬಹುದು. ಐಫೋನಿನಲ್ಲಿ ಅಪರಿಚಿತ ಕರೆಗಳ ಸದ್ದಡಗಿಸುವ ಆಯ್ಕೆ ಇದೆ. ವಾಟ್ಸ್‌ಆ್ಯಪ್‌ನಲ್ಲೂ ಪ್ರೈವಸಿ ವಿಭಾಗದ ಕರೆಗಳ ಅಡಿಯಲ್ಲಿ ಅಂಥದೇ ಆಯ್ಕೆ 2023ರಿಂದ ಇದೆ; ಇದನ್ನು ಎಲ್ಲರೂ ಹಾಕಿಕೊಳ್ಳಬೇಕೆಂದು ನಾನು ಹೇಳುತ್ತೇನೆ. ಆದರೆ ಮಾಮೂಲಿ ಕರೆಗಳಿಗೆ ಸದ್ದಡಗಿಸುವ ಮೊದಲು ಯೋಚಿಸಿ. ಆಸ್ಪತ್ರೆಯಿಂದ, ಮಕ್ಕಳ ಶಾಲೆಯ ವಾಹನದ ಚಾಲಕರಿಂದ, ಗ್ಯಾಸ್ ತರುವವರಿಂದ ಬರುವ ಕರೆಗಳೂ ಅಪರಿಚಿತ ಸಂಖ್ಯೆಗಳಿಂದಲೇ ಬರುತ್ತವೆ.

ಕೆಲವು ಮೊಬೈಲ್ ಕಂಪನಿಗಳು ತಾವೇ ಎಚ್ಚರಿಸುತ್ತವೆ. ಏರ್‌ಟೆಲ್ 2024ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಸ್ಪ್ಯಾಮ್ ಎಚ್ಚರಿಕೆ ಮರುವರ್ಷ ಕನ್ನಡದಲ್ಲೂ ದೊರೆಯುವಂತಾಯಿತು. ಟ್ರೂಕಾಲರ್‌ನಂತಹ ಆ್ಯಪ್‌ಗಳು ಉಪಯುಕ್ತವೇನೋ ಹೌದು, ಆದರೆ ಹಾಕಿಕೊಳ್ಳುವಾಗ ಅವು ಯಾವ ಯಾವ ಅನುಮತಿ ಕೇಳುತ್ತಿವೆ ಎಂದು ಓದಿ, ಅಗತ್ಯವಿಲ್ಲದ್ದನ್ನು ನಿರಾಕರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಜಾಹೀರಾತಿಗೆ 1909 ದಾರಿಯಲ್ಲ. ಆ ಸಂಭಾಷಣೆಯಲ್ಲೇ ‘ರಿಪೋರ್ಟ್’ ಒತ್ತಿ ಬ್ಲಾಕ್ ಮಾಡಬೇಕು. ಹಾಗೆ ಮಾಡಿದಾಗ ಆ ಸಂಖ್ಯೆಯಿಂದ ಬಂದ ಕೊನೆಯ ಐದು ಸಂದೇಶಗಳು ಪರಿಶೀಲನೆಗಾಗಿ ಕಂಪನಿಗೆ ಹೋಗುತ್ತವೆ.

ನಿಮ್ಮ ಸಂಖ್ಯೆ ಅವರ ಕೈಗೆ ಸಿಕ್ಕಿದ್ದು ಹೇಗೆ ಎಂಬುದರ ಕಡೆಗೂ ಗಮನವಿರಲಿ. ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವವರು ‘ನಂಬರ್ ಹೇಳಿ ಸರ್’ ಎಂದ ಕೂಡಲೇ ಹತ್ತು ಅಂಕಿಗಳನ್ನು ಹೇಳಿಬಿಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಬಿಲ್ ಕೊಡಲು ಗ್ರಾಹಕರ ಮೊಬೈಲ್ ಸಂಖ್ಯೆ ಬೇಕೇ ಬೇಕೆಂದು ಪಟ್ಟು ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ. ‘ಕೊಡುವುದಿಲ್ಲ, ಕಾಗದದ ಬಿಲ್ ಕೊಡಿ’ ಎಂದು ವಿನಯದಿಂದಲೇ ಹೇಳಬಹುದು. ಮಾಲ್‌ಗಳಲ್ಲಿ ಕಾರು ಗೆಲ್ಲುವ ಚೀಟಿ, ಬಡಾವಣೆಯ ಜಾಹೀರಾತಿನ ಅರ್ಜಿ ಇವುಗಳಲ್ಲಿ ಸಂಖ್ಯೆ ಬರೆಯದಿದ್ದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಆನ್‌ಲೈನ್‌ನಲ್ಲಿ ಸಾಲದ ಬಡ್ಡಿದರ ಹೋಲಿಸುವ ಪುಟಗಳಲ್ಲಿ ಒಮ್ಮೆ ಸಂಖ್ಯೆ ಕೊಟ್ಟರೆ, ಅದು ಒಂದೇ ಕಂಪನಿಗೆ ಹೋಗುವುದಿಲ್ಲ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅಮ್ಮನ ಫೋನನ್ನು ಸ್ವಲ್ಪ ಹೊತ್ತು ಕೈಗೆ ತೆಗೆದುಕೊಳ್ಳಿ. ಅವರ ಎರಡೂ ಸಿಮ್‌ಗಳಿಂದ 1909ಕ್ಕೆ ಡಿಎನ್‌ಡಿ ಸಂದೇಶ ಕಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ಕರೆಗಳ ಸದ್ದಡಗಿಸಿ, ಎಪಿಕೆ ಕಡತಗಳ ಮೂಲಕ ಆ್ಯಪ್ ಸ್ಥಾಪಿಸುವ ಅನುಮತಿ ಎಲ್ಲೆಲ್ಲಿ ಕೊಟ್ಟಿದೆಯೆಂದು ನೋಡಿ ತೆಗೆದುಹಾಕಿ. 1930ನ್ನು ‘ಹಣ ಹೋದರೆ ಇಲ್ಲಿಗೆ’ ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಉಳಿಸಿಕೊಡಿ. ಅವರು ಆ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ತೆಗೆಯಬಲ್ಲರೇ ಎಂಬುದನ್ನು ನಿಮ್ಮ ಎದುರಿಗೇ ಒಮ್ಮೆ ಮಾಡಿಸಿ ನೋಡಿ.